ಎರಡು ಸಲ ತೊಡೆದ ತೊಡೆದೇವು

ಯಲ್ಲಾಪುರದ ಆ ಮದುವೆಮನೆಗೆ ಹೋದ ದಪ್ಪನೆಯ ತೊಡೆದೇವನ್ನು ಮಾಡಿದ್ದು ಸಾವಿತ್ರಕ್ಕ ಅಲ್ಲ, ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಉಳಿದದ್ದಷ್ಟೇ ನನ್ನ ತಪ್ಪಾಗಿದ್ದರೆ — ಇಲ್ಲ, ಹೀಗೆ ಶುರು ಮಾಡಿದರೆ ಮತ್ತೆ ಅದನ್ನು ಚಿಕ್ಕದು ಮಾಡಿದಂತಾಗುತ್ತದೆ. ನಾನು ಬರೀ ಸುಮ್ಮನಿದ್ದವಳಲ್ಲ. ನನ್ನ ತಪ್ಪನ್ನು ಎಲ್ಲರೆದುರು ಅವರ ತಲೆಗೆ ಕಟ್ಟಿದವಳು.

ಶಿರಸಿಯಲ್ಲಿ ನನ್ನದೊಂದು ಸಣ್ಣ ಗೃಹೋದ್ಯಮ. ನಾಲ್ಕಾರು ಹೆಂಗಸರು ಸೇರಿ ತೊಡೆದೇವು, ಹಪ್ಪಳ, ಚಿಪ್ಸು ಮಾಡಿ ಮಾರುತ್ತೇವೆ. ತೊಡೆದೇವಿಗೆ ಮಾತ್ರ ಕೈ ಪಳಗಿರಬೇಕು. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದೇ ಸಲ ತೊಡೆಯಬೇಕು. ಕಾಗದಕ್ಕಿಂತ ತೆಳ್ಳಗಿನ ಹಾಳೆ ಏಳುತ್ತದೆ. ಅದು ಬಿಸಿ ಇರುವಾಗಲೇ ತುಪ್ಪ, ಬೆಲ್ಲದ ಪುಡಿ ಹಾಕಿ ಮಡಚಬೇಕು. ಕಾನಸೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸಾವಿತ್ರಕ್ಕ ಈ ಕೆಲಸಕ್ಕೆ ಕೂತರೆ ಮಾತಾಡುತ್ತ, ನಗುತ್ತ, ಮಡಕೆಯತ್ತ ಸರಿಯಾಗಿ ನೋಡದೆಯೇ ಹಾಳೆ ತೆಗೆಯುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಮದುವೆ, ಉಪನಯನ ಎಂದರೆ ಮೊದಲು ಅವರಿಗೇ ಕರೆ. ಅವರಿಗೆ ಇದ್ದ ಹೆಸರೆಂದರೆ ಅದೊಂದೇ.

ನನ್ನ ಕೆಲಸ ಆರಿಸುವುದು. ಪ್ರತಿ ಹಾಳೆಯನ್ನೂ ಕಿಟಕಿಗೆ ಹಿಡಿಯುತ್ತಿದ್ದೆ. ಸೂಜಿಮೊನೆಯಷ್ಟು ತೂತು ಕಂಡರೂ ಅದು ಹರಕಿನ ಡಬ್ಬಕ್ಕೆ. ಕೆಲಸದವರು ನನ್ನನ್ನು 'ಮೊಸರಲ್ಲಿ ಕಲ್ಲು ಹುಡುಕೋ ಅಕ್ಕ' ಎಂದು ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು. ಸಿಟ್ಟು ಬರುತ್ತಿರಲಿಲ್ಲ, ಹೆಮ್ಮೆಯಾಗುತ್ತಿತ್ತು — ನಾನಿಲ್ಲದಿದ್ದರೆ ಇವರೆಲ್ಲ ಹೇಗೋ ಮಾಡಿ ಮುಗಿಸಿಬಿಡುತ್ತಾರೆ ಎಂಬ ಹೆಮ್ಮೆ.

ಸಾವಿತ್ರಕ್ಕ ಒಮ್ಮೆ ನಕ್ಕು ಹೇಳಿದ್ದರು: "ಬೆಳಕು ಕಂಡ್ರೆ ಎಂತಾತೆ ಕೂಸೆ? ತೊಡೆದೇವು ತಿಂಬಲೆ ಮಾಡದು, ನೋಡಲೆ ಅಲ್ಲ."

ನಾನು ಮುಂದಿನ ಹಾಳೆಯನ್ನು ಕಿಟಕಿಗೆ ಹಿಡಿದೆ.

ಯಲ್ಲಾಪುರದ ಮದುವೆಮನೆಯದು ದೊಡ್ಡ ಆರ್ಡರು. ಅಂದು ನನ್ನ ಹಟ ಇನ್ನೂ ಹೆಚ್ಚಾಗಿತ್ತು. ಸಾವಿತ್ರಕ್ಕ ಬೆಳಗಿನಿಂದ ತೆಗೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹರಕಿನ ಡಬ್ಬಕ್ಕೆ ಹಾಕಿದೆ. ಅವರು ಕೈ ತೊಳೆದು ಮಧ್ಯಾಹ್ನದ ಬಸ್ಸು ಹಿಡಿದರು. ಲೆಕ್ಕಕ್ಕೆ ಕಡಿಮೆ ಬಿತ್ತು. ಉಳಿದವರೂ ಮನೆಗೆ ಹೋದ ಮೇಲೆ ಮಡಕೆಯ ಮುಂದೆ ನಾನೇ ಕೂತೆ. ನಾನು ತೆಗೆದ ಹಾಳೆ ಹರಿಯಿತು. ಮತ್ತೊಂದು — ಅದೂ ಹರಿಯಿತು. ಕೊನೆಗೆ ಬಟ್ಟೆಯನ್ನು ಎರಡು ಸಲ ತೊಡೆದೆ. ಒಂದೂ ತೂತಿಲ್ಲದ ಹಾಳೆ ಎದ್ದಿತು! ಅದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಸಾವಿತ್ರಕ್ಕ ತೆಗೆದದ್ದರಲ್ಲಿ ಪಾಸಾಗಿ ಉಳಿದಿದ್ದನ್ನೂ ಬದಿಗಿಟ್ಟು, ಪೆಟ್ಟಿಗೆಗಳಿಗೆಲ್ಲ ನನ್ನದನ್ನೇ ತುಂಬಿದೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ಕಣ್ಣಿಗೆ ಚೆಂದ ಕಂಡಿತ್ತಲ್ಲ, ಸಾಕಿತ್ತು.

ಮದುವೆ ಮುಗಿದ ಮೇಲೆ ಆ ಮನೆಯ ಯಜಮಾನತಿ ಅಂಗಡಿಗೇ ಬಂದರು. ಎಲ್ಲರೂ ಇದ್ದರು. ಸಾವಿತ್ರಕ್ಕ ಒಲೆಯ ಹತ್ತಿರ ಹಿಟ್ಟು ಕದಡುತ್ತಿದ್ದರು.

"ಇದೆಂತದು? ತೊಡೆದೇವೋ, ಹಪ್ಪಳವೋ? ನೆಂಟರೆದ್ರಿಗೆ ಮರ್ಯಾದೆ ಹೋತು."

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಅದು ನಾಲಿಗೆಯವರೆಗೂ ಬಂದಿತ್ತು, ಸುಳ್ಳಲ್ಲ. ಆದರೆ ತಪ್ಪು ಮಾಡದವಳು ಎಂದು ಹೆಸರಾದವಳು ನಾನು. ಆ ಹೆಸರು ಬಿಟ್ಟು ನಿಲ್ಲುವುದು ನನಗೆ —

"ಸಾವಿತ್ರಕ್ಕನ ಕೈ ಮೊದ್ಲಿನಾಂಗೆ ಇಲ್ಲೆ. ವಯಸ್ಸಾತಲ" ಎಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಲ್ಲ, ಚೆನ್ನಾಗಿ ಕುಣಿಯುವವಳನ್ನೇ ಡೊಂಕು ಮಾಡಿದೆ. ಸಾವಿತ್ರಕ್ಕ ತಿರುಗಿ ನೋಡಿದರು. ಜಗಳಾಡುತ್ತಾರೆ ಎಂದುಕೊಂಡೆ. ಆಡಿದ್ದರೆ ಬಹುಶಃ ನಾನೂ ಒಪ್ಪಿಕೊಳ್ಳುತ್ತಿದ್ದೆ. ಅವರು ತಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಅವನ್ನೇ ನೋಡುತ್ತ ನಿಂತರು. ಪೆಟ್ಟಿಗೆಗೆ ಹೋದದ್ದು ತಾವು ತೆಗೆದದ್ದೇ ಎಂದುಕೊಂಡು ಅವರು ನನ್ನ ಮಾತನ್ನು ನಂಬಿಬಿಟ್ಟಿದ್ದರು. ಸಾಲುಸಾಲು ಹಾಳೆಗಳನ್ನು ನಾನು ಹರಕಿನ ಡಬ್ಬಕ್ಕೆ ಹಾಕುವುದನ್ನು ದಿನಾ ನೋಡಿದವರು, ನಂಬದೆ ಏನು ಮಾಡಿಯಾರು?

ಹಿಟ್ಟನ್ನು ಸವರುವುದಕ್ಕೆ ತೊಡೆಯುವುದು ಎನ್ನುತ್ತೇವೆ. ಅಳಿಸಿಹಾಕುವುದಕ್ಕೂ ಅದೇ ಮಾತು. ಆ ಎರಡು ದಿನಗಳಲ್ಲಿ ನಾನು ಎರಡನ್ನೂ ಮಾಡಿದ್ದೆ. ಮಾತು ಯಲ್ಲಾಪುರಕ್ಕೆ ಹೋಯಿತು, ಮಂಚಿಕೇರಿಗೂ ಮುಟ್ಟಿತು. ಮದುವೆಮನೆಗಳವರು ಸಾವಿತ್ರಕ್ಕನನ್ನು ಕರೆಯುವುದು ನಿಂತಿತು. ಆಮೇಲೆ ಅವರೂ ನಮ್ಮಲ್ಲಿಗೆ ಬರುವುದನ್ನು ಬಿಟ್ಟರು.

ಈಗ ನಾನು ಹಾಳೆಗಳನ್ನು ಕಿಟಕಿಗೆ ಹಿಡಿಯುವುದಿಲ್ಲ. ತೂತಿದ್ದರೂ ಮಡಚಿ ಕಟ್ಟುತ್ತೇವೆ, ಗಿರಾಕಿಗಳಲ್ಲಿ ಒಬ್ಬರೂ ದೂರಿಲ್ಲ. ಹೊಸದಾಗಿ ಬಂದ ಹೆಂಗಸರು "ನಮ್ಮಕ್ಕ ಭಾರಿ ಸಮಾಧಾನದವ್ರು" ಎನ್ನುತ್ತಾರೆ. ಕೇಳಿ ನಾಚಿಕೆಯಾಗುತ್ತದೆ. ನಾನು ಸಮಾಧಾನ ಕಲಿತದ್ದು ನಿಜ. ಅದನ್ನು ಕಲಿಯಲಿಕ್ಕೆ ಕೆಟ್ಟದ್ದು ಬೇರೊಬ್ಬರ ಬದುಕು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಧೈರ್ಯ ಬರುತ್ತಿತ್ತೋ ಇಲ್ಲವೋ. ಹೋದ ಬೇಸಿಗೆಯಲ್ಲಿ ಸಾವಿತ್ರಕ್ಕ ಅಂಗಡಿಗೆ ಬಂದರು. ಮೊಮ್ಮಗಳ ಮದುವೆಯಂತೆ.

"ಯನ್ನ ಕೈ ಕೆಟ್ಟೋತು ತಂಗಿ. ಮನೇಲೂ ಮಡಕೆ ಮುಟ್ಟದು ಬಿಟ್ಟಾಜು. ನೀನೇ ತೊಡೆದೇವು ಮಾಡ್ಕೊಡು."

ಆಗಲಾದರೂ ಬಾಯಿ ಬಿಡಬೇಕಿತ್ತು. "ಅಡ್ಡಿಲ್ಲೆ ಅಕ್ಕಾ" ಎಂದೆ. ಮಾಡಿಸಿ ಕಳಿಸಿದೆ. ಕರೆದರೆಂದು ಮದುವೆಗೂ ಹೋದೆ. ಪಂಕ್ತಿಯಲ್ಲಿ ಕೂತೆ. ಸಾವಿತ್ರಕ್ಕ ತಾವೇ ತೊಡೆದೇವಿನ ಹರಿವಾಣ ಹಿಡಿದು ಬಡಿಸುತ್ತ ಬಂದರು. "ಶಿರಸಿಂದ ತರ್ಸಿದ್ದು. ಯನ್ನದಲ್ಲ, ಹೆದರಡಿ" ಎಂದು ಎಲ್ಲರಿಗೂ ಹೇಳಿ ನಗಿಸುತ್ತಿದ್ದರು. ನನ್ನ ಎಲೆಗೂ ಬಡಿಸಿದರು. ನಾನು ತಲೆ ತಗ್ಗಿಸಿ ತಿಂದೆ.

ನಾಳೆ ಕಾನಸೂರಿಗೆ ಹೋಗುತ್ತೇನೆ. ಅವರ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿ ಬಂದರೆ ಸಾಲದು, ಅದು ನನಗೆ ಗೊತ್ತು. ನಾಲ್ಕು ಜನರೆದುರು ಆಡಿದ ಸುಳ್ಳಿಗೆ ನಾಲ್ಕು ಜನರೆದುರೇ ನಿಲ್ಲಬೇಕು. ಯಲ್ಲಾಪುರದ ಆ ಮನೆಗೂ ಹೋಗುತ್ತೇನೆ. ಸಾವಿತ್ರಕ್ಕ "ಹೋಗ್ಲಿ ಬಿಡೆ" ಎಂದುಬಿಡುತ್ತಾರೆ, ಅವರ ಸ್ವಭಾವವೇ ಹಾಗೆ. ಅದನ್ನು ಕೇಳಿ ಹಗುರಾಗಿ ಬರುವ ಆಸೆ ನನಗಿರಬಾರದು. ಅವರು ಮತ್ತೆ ಮಡಕೆಯ ಮುಂದೆ ಕೂರುತ್ತಾರೆಂಬ ಭರವಸೆಯೂ ಇಲ್ಲ, ಅಷ್ಟು ವರ್ಷಗಳು ಹೋಗಿಬಿಟ್ಟಿವೆ. ಆದರೆ ಅವರ ಕೈ ಯಾವತ್ತೂ ಕೆಟ್ಟಿರಲಿಲ್ಲ ಎನ್ನುವುದು ಅವರಿಗೆ ಗೊತ್ತಾಗಬೇಕು.