ಟಿ.ವಿ.ಯಲ್ಲಿ ‘ತಪ್ಪು’ ಎಂದ ಟೀಚರು

ಕುಷ್ಟಗಿಯ ನಮ್ಮ ಸರ್ಕಾರಿ ಪ್ರೌಢಶಾಲೆಗೆ ದ್ರಾಕ್ಷಾಯಿಣಿ ಟೀಚರು ಬಂದು ಸೇರಿದಾಗ ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ. ಒಂದು ಕಾಲಕ್ಕೆ ಅವರು ಗಂಗಾವತಿಯ ಕೇಬಲ್ ಟಿ.ವಿ.ಯಲ್ಲಿ ಹೈಸ್ಕೂಲು ಮಕ್ಕಳ ಕ್ವಿಜ್ ನಡೆಸುತ್ತಿದ್ದರು. ಊಟದ ಹೊತ್ತಿನಲ್ಲಿ ಯಾರೋ ಆ ಮಾತೆತ್ತಿದಾಗ ಅವರು ಅರ್ಧ ರೊಟ್ಟಿ ಹಾಗೇ ಬಿಟ್ಟು ಕೈತೊಳೆಯಲು ಎದ್ದುಹೋದರು. ಸಿಟ್ಟು ಬಂತೆಂದುಕೊಂಡೆವು. ಬಂದದ್ದು ಹೇಸಿಗೆ ಎಂದು ನನಗೆ ತಿಳಿದದ್ದು ಆಮೇಲೆ, ಪರೀಕ್ಷೆಯ ಪೇಪರ್ ತಿದ್ದಲು ನಾವಿಬ್ಬರೂ ದಿನಾ ಕೊಪ್ಪಳದ ಬಸ್ಸು ಹತ್ತುತ್ತಿದ್ದಾಗ.

ಅವರು ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯವರು. ಬಿ.ಎಡ್. ಮುಗಿಸಿ ಗಂಗಾವತಿಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ದನಿ ಗಟ್ಟಿ, ಮಾತು ಸ್ಪಷ್ಟ. ಕೊಪ್ಪಳ ಬೇರೆ ಜಿಲ್ಲೆಯಾಗಿ ಐದಾರು ವರ್ಷವಾಗಿತ್ತು. ಅಂಗಡಿ, ಸಂಘ, ಪತ್ರಿಕೆ ಎಲ್ಲದರ ಹೆಸರಿಗೂ ‘ಜಿಲ್ಲಾ’ ಎಂದು ಸೇರಿಸಿಕೊಳ್ಳುವ ಹುರುಪು ಇನ್ನೂ ಇಳಿದಿರಲಿಲ್ಲ. ಗಂಗಾವತಿಗೂ ಜಿಲ್ಲೆಯ ಹಲವು ಊರುಗಳಿಗೂ ಕೇಬಲ್ ಎಳೆದಿದ್ದ ವಿರುಪಣ್ಣ ಎಂಬಾತ ಆ ಹುರುಪಿನಲ್ಲಿ ‘ನಮ್ಮ ಜಿಲ್ಲೆಯ ಜಾಣರು’ ಎಂಬ ಕಾರ್ಯಕ್ರಮ ಶುರುಮಾಡಿದ. ಪ್ರಶ್ನೆ ತಯಾರಿಸಿ ಕೇಳುವ ಕೆಲಸಕ್ಕೆ ಟೀಚರನ್ನು ಕರೆದ.

ಅವರಿಗೆ ಅದು ಖುಷಿಯ ಕೆಲಸವೇ ಆಗಿತ್ತು. ಯಾವುದೋ ದೇಶದ ರಾಜಧಾನಿ ಕೇಳುವ ಬದಲು ನಮ್ಮ ಹೊಳೆ, ನಮ್ಮ ಬೆಟ್ಟ, ಕನಕಗಿರಿಯ ಗುಡಿ, ವಿರೂಪಾಪುರಗಡ್ಡೆಯ ಭತ್ತ ಇಂಥವನ್ನೇ ಹುಡುಕಿ ಕೇಳುತ್ತಿದ್ದರು. ಒಂದು ಕಲ್ಯಾಣಮಂಟಪದಲ್ಲಿ ಚಿತ್ರೀಕರಣ. ಭಾನುವಾರ ಬೆಳಿಗ್ಗೆ ಪ್ರಸಾರ.

ಕೊನೆಯ ಸುತ್ತಿಗೆ ಎರಡು ತಂಡಗಳು ಉಳಿದವು. ಒಂದು, ಕಾರ್ಯಕ್ರಮಕ್ಕೆ ಜಾಹೀರಾತು ಕೊಟ್ಟಿದ್ದ ಗಂಗಾವತಿಯ ಬೇರೊಂದು ದೊಡ್ಡ ಖಾಸಗಿ ಶಾಲೆ. ಇನ್ನೊಂದು, ಬೇವೂರು ಎಂಬ ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳು. ಬೇವೂರಿನ ತಂಡದಲ್ಲಿ ಯಮನೂರಮ್ಮ ಎಂಬ ಹುಡುಗಿ ಇದ್ದಳು. ಕುರಿ ಸಾಕುವವರ ಮನೆಯ ಮಗಳು. ಗೊತ್ತಿಲ್ಲದ ಪ್ರಶ್ನೆಗೆ ಬಜರ್ ಮುಟ್ಟುತ್ತಿರಲಿಲ್ಲ, ಗೊತ್ತಿದ್ದದ್ದನ್ನು ಬಿಡುತ್ತಿರಲಿಲ್ಲ.

ಎರಡೂ ತಂಡ ಸಮಸಮ ಇದ್ದಾಗ ಟೀಚರು ಕೊಪ್ಪಳದಲ್ಲಿ ಅಶೋಕನ ಶಾಸನ ಎಲ್ಲೆಲ್ಲಿದೆ ಎಂದು ಕೇಳಿದರು. ಯಮನೂರಮ್ಮ ಬಜರ್ ಒತ್ತಿ, ಒಂದು ಗವಿಮಠದ ಬೆಟ್ಟದ ಮೇಲೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ ಎಂದಳು. ಟೀಚರು ‘ಸರಿ’ ಎಂದರು. ಬೇವೂರು ಗೆದ್ದಿತ್ತು.

ಆದರೆ ವಿರುಪಣ್ಣ ಅಲ್ಲಿ ಬಹುಮಾನ ಕೊಡಲಿಲ್ಲ. ಗೆದ್ದವರು ಯಾರೆಂದು ಈಗಲೇ ಊರಿಗೆಲ್ಲ ತಿಳಿದರೆ ಭಾನುವಾರ ಯಾರು ನೋಡುತ್ತಾರೆ ಎಂದ. ಅದಕ್ಕೇ ಎರಡೂ ತಂಡಗಳಿಗೆ ಟೀಚರಿಂದ ಒಂದೊಂದು ಸಲ ಅಭಿನಂದನೆ ಹೇಳಿಸಿ ಚಿತ್ರೀಕರಿಸಿದ. ಟಿ.ವಿ.ಯವರ ಪದ್ಧತಿಯೇ ಹೀಗಿರಬೇಕೆಂದುಕೊಂಡು ಟೀಚರು ನಗುತ್ತಲೇ ಅದನ್ನು ಹೇಳಿ ಬಂದರು.

ಭಾನುವಾರ ಅವರ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ಟಿ.ವಿ. ಮುಂದೆ ಕೂತಿದ್ದರು. ಅಶೋಕನ ಪ್ರಶ್ನೆ ಬಂತು. ಯಮನೂರಮ್ಮ ಬಾಯಿ ತೆರೆದಳು, ಒಮ್ಮೆಲೇ ಟೀಚರ ಮುಖ ಪರದೆ ತುಂಬ ಬಂತು. ‘ತಪ್ಪು’ ಎಂದಿತು ಆ ಮುಖ. ಬೇರೆ ಯಾವುದೋ ಪ್ರಶ್ನೆಗೆ ಆಡಿದ ಮಾತನ್ನು ಕತ್ತರಿಸಿ ತಂದು ಅಲ್ಲಿ ಅಂಟಿಸಿದ್ದರು. ಆಮೇಲೆ ಖಾಸಗಿ ಶಾಲೆಯ ಹುಡುಗನೊಬ್ಬ ಗವಿಮಠ, ಪಾಲ್ಕಿಗುಂಡು ಎಂದು ಪಾಠ ಒಪ್ಪಿಸಿದಂತೆ ಹೇಳಿದ. ಅವನನ್ನು ಇನ್ನೊಂದು ದಿನ ಕರೆಸಿ ಚಿತ್ರೀಕರಿಸಿದ್ದು ಅವನ ಕೊರಳಿನ ಬೇರೆ ಟೈ ನೋಡಿದರೇ ಗೊತ್ತಾಗುತ್ತಿತ್ತು. ಟೀಚರ ಮುಖ ಮತ್ತೆ ಬಂದು ‘ಸರಿ’ ಎಂದಿತು, ನಕ್ಕಿತು, ಅಭಿನಂದಿಸಿತು.

ನೆರೆಮನೆಯವರು ಚಪ್ಪಾಳೆ ತಟ್ಟಿದರು. ಟೀಚರು ಬಚ್ಚಲಿಗೆ ಹೋಗಿ ತಿಂದದ್ದನ್ನೆಲ್ಲ ವಾಂತಿ ಮಾಡಿಕೊಂಡರು.

ಮರುದಿನ ಶಾಲೆಗೆ ಹೋಗುವ ಮೊದಲೇ ವಿರುಪಣ್ಣನ ಆಫೀಸಿಗೆ ಹೋದರು. ಅಂಗಡಿಯೊಂದರ ಮೇಲಿನ ಕೋಣೆ ಅದು. ಮೂಲೆಯಲ್ಲಿ ಗುಟ್ಕಾ ಉಗುಳಿದ ಕಲೆ. ಎಡಿಟಿಂಗ್ ಮಾಡುವ ಸುಭಾಷ್ ಇವರನ್ನು ಕಂಡವನೇ ಕಂಪ್ಯೂಟರಿನತ್ತ ಮುಖ ತಿರುಗಿಸಿಕೊಂಡ. ವಿರುಪಣ್ಣ ಪೇಪರಿನ ಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಹರವಿಕೊಂಡು ತಿನ್ನುತ್ತಿದ್ದ. ಎಣ್ಣೆಗೈಯಲ್ಲೇ ಕುರ್ಚಿ ಎಳೆದು ಕೂಡಿ ಎಂದ. ಟೀಚರು ಕೂಡಲಿಲ್ಲ. ಇದೇನು ಮಾಡಿದಿರಿ ಎಂದು ಕೇಳಿದರು.

“ಜಾಹೀರಾತು ಕೊಟ್ಟವ್ರು ಸೋತ್ರ ಮುಂದಿನ ವರ್ಷ ಯಾರ್ ಕೊಡ್ತಾರ್ರಿ?” ಎಂದ ವಿರುಪಣ್ಣ. “ನಿಮಗೇನ್ ಕಡಿಮಿ ಆತು ಟೀಚರ್? ನಿಮ್ಮ ಮುಖ ಭಾಳ ಛಲೋ ಬಂದೈತಿ.”

ಬಸ್ಸಿನಲ್ಲಿ ಈ ಮಾತು ಹೇಳುವಾಗ, ಅಷ್ಟು ವರ್ಷವಾದ ಮೇಲೂ, ಟೀಚರು ಎಣ್ಣೆ ಮೆತ್ತಿದೆಯೇನೋ ಎಂಬಂತೆ ಸೆರಗಿನಿಂದ ಕೆನ್ನೆ ಒರೆಸಿಕೊಂಡರು.

ನಡೆದದ್ದನ್ನು ಮುಂದಿನ ಭಾನುವಾರ ನಾನೇ ಟಿ.ವಿ.ಯಲ್ಲಿ ಹೇಳುತ್ತೇನೆ, ಹೇಳಲು ಬಿಡಿ ಎಂದು ಅವರು ಅವತ್ತು ವಿರುಪಣ್ಣನೆದುರು ಪಟ್ಟು ಹಿಡಿದರಂತೆ. ವಿರುಪಣ್ಣ ತಕರಾರಿಲ್ಲದೆ ಒಪ್ಪಿದ. ಈಗಲೇ ರೆಕಾರ್ಡ್ ಮಾಡೋಣ, ಸುಭಾಷ್ ಇಲ್ಲೇ ಇದ್ದಾನೆ ಎಂದ. ಸುಭಾಷ್ ಕಿಸಕ್ಕನೆ ನಕ್ಕ. ತಾನು ಏನು ಹೇಳಿದರೂ ಇವರ ಕೈಯಲ್ಲಿ ಅದು ಇನ್ನೇನೋ ಆಗುತ್ತದೆ ಎಂದು ಟೀಚರಿಗೆ ಹೊಳೆದದ್ದು ಆಗ. ಮೆಟ್ಟಿಲಿಳಿದು ಬಂದರು.

ಅದಕ್ಕಿಂತ ಹೇಸಿಗೆಯಾದದ್ದು ಊರಿನ ಹೊಗಳಿಕೆ. ಕಾಯಿಪಲ್ಯ ಮಾರುವ ಹೊಳಿಯಮ್ಮ, ಅಕ್ಕೋರು ಭಾರಿ ಖಡಕ್ ಎಂದು ಮೆಚ್ಚಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಳು. ಓಣಿಯ ಹುಡುಗರು ಆಟದಲ್ಲಿ ಔಟಾದವನಿಗೆ ಬೆರಳು ತೋರಿಸಿ, ಅವರ ದನಿಯಲ್ಲೇ ‘ತಪ್ಪು’ ಎಂದು ಕೂಗತೊಡಗಿದರು. ಆ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತಿತ್ತಂತೆ. ಬಸ್ ಸ್ಟ್ಯಾಂಡಿನ ಎದುರು ಗೆದ್ದ ತಂಡದ ದೊಡ್ಡ ಫಲಕ ಎದ್ದಿತು. ಅದರ ಮೂಲೆಯಲ್ಲಿ ಇವರ ನಗುವ ಫೋಟೊ.

ಆ ವಾರವೇ ರಜೆ ಹಾಕಿ ಬೇವೂರಿಗೆ ಹೋದರು. ಹೆಡ್ಮಾಸ್ತರ ಗವಿಸಿದ್ದಪ್ಪ ಆದರದಿಂದ ಬರಮಾಡಿಕೊಂಡು ಚಹಾ ತರಿಸಿದರು. ಗೋಡೆಯ ಮೇಲೆ ಹೊಸ ಗಡಿಯಾರವೊಂದು ನೇತಾಡುತ್ತಿತ್ತು. ಸಮಾಧಾನಕರ ಬಹುಮಾನವೆಂದು ವಿರುಪಣ್ಣ ತಂದು ಕೊಟ್ಟದ್ದು. ಹೆಡ್ಮಾಸ್ತರರಿಗೂ ಒಂದು ಶಾಲು ಹೊದಿಸಿ ಹೋಗಿದ್ದ. ಫೈನಲ್ ದಿನ ಅವರೂ ಮಂಟಪದಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದವರು. ‘ಸರಿ’ ಎಂದದ್ದನ್ನು ಕಿವಿಯಾರೆ ಕೇಳಿದವರು.

“ಆಗಿದ್ದು ಆಗಿಹೋತು ಮೇಡಂ,” ಎಂದರು ಗವಿಸಿದ್ದಪ್ಪ. “ಹುಡುಗ್ರು ಮರ್ತಾರ. ನೀವು ಮತ್ತ ಕೆದಕಬ್ಯಾಡ್ರಿ.”

ಟೀಚರು ಚಹಾದ ಲೋಟ ಕೆಳಗಿಟ್ಟು, ಅವರ ಅಪ್ಪಣೆಗೆ ಕಾಯದೆ, ಹತ್ತನೆಯ ತರಗತಿಗೆ ನಡೆದರು. ಯಮನೂರಮ್ಮ ಹಿಂದಿನ ಸಾಲಿನಲ್ಲಿದ್ದಳು. ಇವರನ್ನು ಕಂಡು ತಲೆ ತಗ್ಗಿಸಿದಳು. ಮಕ್ಕಳ ಮುಂದೆ ನಿಂತು ಟೀಚರು ಹೇಳಿದರು:

“ಯಮನೂರಮ್ಮ ಹೇಳಿದ ಉತ್ತರ ಸರಿ ಇತ್ತು. ನಾನು ಅವತ್ತು ಸರಿ ಅಂತನ ಹೇಳೀನಿ. ಟಿ.ವಿ.ಯೊಳಗ ತೋರ್ಸಿದ್ದು ಸುಳ್ಳು. ಗೆದ್ದವ್ರು ನೀವು.”

ಮುಂದಿನ ಸಾಲಿನಿಂದ ಒಬ್ಬಳು ಎದ್ದು, ಆದರೆ ತಪ್ಪು ಅಂದದ್ದು ನೀವೇ, ನಾವೆಲ್ಲ ಕಣ್ಣಾರೆ ನೋಡಿದೆವಲ್ಲ ಎಂದಳು. ಮಿಕ್ಕವರು ತಲೆಯಾಡಿಸಿದರು. ಟೀಚರು ಕತ್ತರಿಸುವುದು, ಅಂಟಿಸುವುದು ಎಲ್ಲವನ್ನೂ ಬಿಡಿಸಿ ಹೇಳಿದರು. ಅರ್ಧ ಮಕ್ಕಳು ನಂಬಿದರು, ಅರ್ಧ ಮಕ್ಕಳಿಗೆ ಟಿ.ವಿ.ಯೇ ನಿಜವಾಗಿ ಉಳಿಯಿತು. ಎದುರಿಗೆ ನಿಂತ ತನಗಿಂತ ಪೆಟ್ಟಿಗೆಯೊಳಗಿನ ತನ್ನ ಮುಖಕ್ಕೇ ಹೆಚ್ಚು ಬೆಲೆ ಎಂದು ಟೀಚರಿಗೆ ಅನ್ನಿಸಿತು.

ಹೊರಗೆ ಬಂದಾಗ ಯಮನೂರಮ್ಮ ಹಿಂದೆಯೇ ಬಂದಳು. ತನ್ನಿಂದಲೇ ಊರು ಸೋತಿತೆಂದು ಜನ ಆಡಿಕೊಳ್ಳುತ್ತಿದ್ದರಂತೆ.

“ನಾ ಪಾಲ್ಕಿಗುಂಡು ಅಂದ್ನೋ, ಮತ್ತೇನರ ಅಂದ್ನೋ ಅಂತ ನನಗ ಡೌಟ್ ಬಂದಿತ್ರಿ ಅಕ್ಕೋರ,” ಎಂದಳು.

ಟೀಚರು ಅವಳ ಕೈ ಹಿಡಿದುಕೊಂಡರಂತೆ. ಬಹುಮಾನ ಹೋದದ್ದು ಹೋಗಲಿ, ಆಡಿದ ಮಾತಿನ ಮೇಲೆ ಆ ಹುಡುಗಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದರಲ್ಲ, ಅದನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ ಎಂದರು.

ಗಂಗಾವತಿಗೆ ಮರಳಿದ ಮೇಲೆ ಅವರ ಶಾಲೆಯ ಆಡಳಿತದವರು ಕರೆದು, ಕೇಬಲ್‌ನವರ ಜೊತೆ ವೈರ ಕಟ್ಟಿಕೊಳ್ಳಬೇಡಿ, ನಮ್ಮ ವಾರ್ಷಿಕೋತ್ಸವವೂ ಅದರಲ್ಲೇ ಬರಬೇಕು ಎಂದರು. ಟೀಚರು ಕೆಲಸ ಬಿಟ್ಟರು. ಯಲಬುರ್ಗಾಕ್ಕೆ ಹೋಗಿ ಓದಿಕೊಂಡು ಸರ್ಕಾರಿ ನೇಮಕಾತಿಯಲ್ಲಿ ಆಯ್ಕೆಯಾದರು. ವಿರುಪಣ್ಣನಿಗೆ ಏನೂ ಆಗಲಿಲ್ಲ. ಇನ್ನೂ ಕೆಲವು ವರ್ಷ ಬೇರೆ ಟೀಚರನ್ನು ಇಟ್ಟುಕೊಂಡು ಅದೇ ಕಾರ್ಯಕ್ರಮ ನಡೆಸಿದ. ಯಮನೂರಮ್ಮ ನರ್ಸಿಂಗ್ ಓದಿ ಈಗ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದ್ದಾಳೆ. ಟೀಚರಿಗೆ ಆಗೀಗ ಫೋನು ಮಾಡುತ್ತಾಳೆ.

ಹೋದ ವರ್ಷ ನಮ್ಮ ಶಾಲೆಯಲ್ಲಿ ಕ್ವಿಜ್ ಇಟ್ಟಾಗ ಯೂಟ್ಯೂಬ್ ಚಾನಲ್ಲಿನವರಿಬ್ಬರು ಕ್ಯಾಮೆರಾ ಹಿಡಿದು ಬಂದರು. ಶಾಲೆಗೆ ಹೆಸರು ಬರುತ್ತದೆ, ಒಳಗೆ ಬಿಡಿ ಎಂದು ನಾವೆಲ್ಲ ಹೇಳಿದೆವು. ಟೀಚರು ಗೇಟಿನಲ್ಲಿ ನಿಂತು ಅವರನ್ನು ಒಳಗೆ ಬಿಡಲಿಲ್ಲ. ಅವರು ಗೊಣಗುತ್ತ ಬೈಕ್ ಹತ್ತಿ ಹೋದರು. ಟೀಚರು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದು, ಮಕ್ಕಳನ್ನು ಬೇವಿನ ಮರದ ನೆರಳಿಗೆ ಕೂರಿಸಿ, ಮೊದಲ ಪ್ರಶ್ನೆ ಕೇಳಿದರು.