ಚೆಂಡು ತೊಳೆಯುತ್ತಿದ್ದ ವರ್ನನ್

ನಮ್ಮ ಪಕ್ಕದ ಮನೆಯ ವರ್ನನ್ ಚೆಂಡು ತೊಳೆಯುತ್ತಿದ್ದರು. ಬೀದಿ ಮಕ್ಕಳ ಬೇಸ್‌ಬಾಲ್ ಅವರ ಅಂಗಳಕ್ಕೆ ಬಿದ್ದರೆ ಸಾಕು, ಒಳಗೆ ಒಯ್ದು, ಸೋಪು ಹಚ್ಚಿ ಉಜ್ಜಿ, ಒರೆಸಿ, ಬೆಳ್ಳಗೆ ಮಾಡಿಯೇ ವಾಪಸು ಕೊಡುವರು. ಚರ್ಮದ ಚೆಂಡು ನೀರು ಕುಡಿದು ಹಾಳಾಗುತ್ತದೆಂದು ಮಕ್ಕಳು ಗೊಣಗುತ್ತಿದ್ದರು. ಎಂಬತ್ತು ದಾಟಿದವರಿಗೆ ಬುದ್ಧಿ ಹೇಳುವವರಾರು?

ಇನ್ನೊಂದು ಅಭ್ಯಾಸವಿತ್ತು. ಸಂಜೆಯಾಗುತ್ತಲೇ ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಎದುರು ಮನೆಯ ನಂಬರು ಓದುವರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಓದುವರು. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಹೊತ್ತು ಮುಳುಗ್ತಿದೆ. ಮಗೂನ ಒಳಗೆ ಕರೀರಿ" ಎನ್ನುವರು. ಅವರು ಆಡಿದ್ದು ಇಂಗ್ಲಿಷೇ. ಇಷ್ಟು ವರ್ಷ ನೆನೆದು ನೆನೆದು ನನ್ನೊಳಗೆ ಅದು ಕನ್ನಡವಾಗಿದೆ.

ಎಪ್ಪತ್ತರ ದಶಕ. ನಾನು ಎಲ್ ಸೆಗುಂಡೋ ಎಂಬ ಊರಿನಲ್ಲಿ ಇಂಜಿನಿಯರ್. ಹೆಂಡತಿ ಸರೋಜಾಗೆ ವರ್ನನ್ ಮೇಲೆ ಬಹಳ ವಿಶ್ವಾಸ. "ದೀಪ ಹಚ್ಚೋ ಹೊತ್ತಿಗೆ ನಮ್ಮಮ್ಮನೂ ಹೀಗೇ ಕೂಗೋರು ರೀ" ಎಂದು ಚಕ್ಕುಲಿ ಕಳಿಸುವಳು. ತಟ್ಟೆ ಅವರ ಗಿಡದ ನಿಂಬೆಹಣ್ಣು ತುಂಬಿಕೊಂಡು ಬರುತ್ತಿತ್ತು.

ಮೊದಲ ಮಹಾಯುದ್ಧಕ್ಕೂ ಮುಂಚೆ, ಸಂಬಳಕ್ಕೆ ಬೇಸ್‌ಬಾಲ್ ಆಡುತ್ತಿದ್ದವರಲ್ಲಿ ಅವರೊಬ್ಬರು. ಊರೂರಿಗೆ ರೈಲಿನಲ್ಲಿ ಹೋಗಿ ಚೆಂಡು ಎಸೆಯುವುದೇ ಕಸುಬು. ಎಂಟು ವರ್ಷದ ನಮ್ಮ ಮಗಳು ವಿದ್ಯಾಗೆ ನಾಲ್ಕು ಚೆಂಡು ಎಸೆದು ಕಲಿಸಿಕೊಡಿ ಎಂದು ಒಮ್ಮೆ ಕೇಳಿದೆ. ಬಲಗೈಯನ್ನು ಜೇಬಿಗಿಳಿಸಿ, "ಈ ಕೈ ಯಾರ ಕಡೆಗೂ ಎಸೆಯಲ್ಲ" ಎಂದರು. ಏನು ಜಂಭ ಈ ಮನುಷ್ಯನಿಗೆ ಎಂದುಕೊಂಡೆ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಆ ವರ್ಷ ಆಯುಧಪೂಜೆಗೆ ಕಾರು, ಸ್ಪ್ಯಾನರು, ಹೊಲಿಗೆ ಮಿಷನ್ನಿನ ಜೊತೆ ವಿದ್ಯಾ ತನ್ನ ಬ್ಯಾಟು ಚೆಂಡನ್ನೂ ತಂದಿಟ್ಟಳು. ಸರೋಜಾ ಧಾರಾಳವಾಗಿ ಅರಿಸಿನ ಕುಂಕುಮ ಬಳಿದಳು. ಪೂಜೆಗಿಟ್ಟದ್ದನ್ನು ನಾಳೆಯವರೆಗೆ ಮುಟ್ಟಬಾರದೆಂದರೆ ಮಗು ಕೇಳುತ್ತದೆಯೇ? ಸಂಜೆ ಕಣ್ಣು ತಪ್ಪಿಸಿ ಹೊರಗೆ ಒಯ್ದಳು. ಒಂದೇ ಹೊಡೆತಕ್ಕೆ ಚೆಂಡು ವರ್ನನ್ನರ ಒದ್ದೆ ಹುಲ್ಲಿಗೆ ಬಿತ್ತು.

ಬಾಗಿಲು ದಬದಬ ಬಡಿದ ಸದ್ದಿಗೆ ಓಡಿದೆ. ವರ್ನನ್ ಎರಡೂ ಕೈಯ ಬೊಗಸೆಯಲ್ಲಿ ಚೆಂಡು ಹಿಡಿದು ನಿಂತಿದ್ದರು. ನೆನೆದ ಕುಂಕುಮ ಬೆರಳ ಸಂದಿಯಿಂದ ಇಳಿಯುತ್ತಿತ್ತು.

"ಮಗು ಎಲ್ಲಿ? ಏಟು ತಲೆಗೆ ಬಿತ್ತಾ?"

"ಅದು ರಕ್ತ ಅಲ್ಲ, ವರ್ನನ್. ಪೂಜೆ ಕುಂಕುಮ."

ಅವರು ನಂಬಲಿಲ್ಲ. ಅಷ್ಟರಲ್ಲಿ ಬ್ಯಾಟು ಹಿಡಿದು ಬಂದ ವಿದ್ಯಾಳ ತಲೆಯನ್ನು ತಡವಿ ತಡವಿ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತರು.

"ಆಗೆಲ್ಲ ಆಟ ಪೂರ್ತಿ ಒಂದೇ ಚೆಂಡು" ಎಂದು ತಾವಾಗಿಯೇ ಶುರುಮಾಡಿದರು. "ಹೊಸದು ಕೈಗೆ ಬಂದ ತಕ್ಷಣ ನಾವೆಲ್ಲ ಹೊಗೆಸೊಪ್ಪಿನ ರಸ ಉಗಿದು, ಮಣ್ಣು ತಿಕ್ಕಿ ಕಪ್ಪು ಮಾಡೋದು. ಬ್ಯಾಟ್ ಹಿಡಿದವನಿಗೆ ಕಾಣಬಾರದು ಅಂತ. ಅದು ಮೋಸ ಅಲ್ಲ, ಕೆಲಸಾನೇ ಹಾಗೆ. ಒಂದಿನ ಹೊತ್ತು ಮುಳುಗಿತ್ತು. ಬ್ಯಾಟ್ ಹಿಡಿದು ನಿಂತಿದ್ದ ಹುಡುಗನಿಗೆ ಹತ್ತೊಂಬತ್ತು. ನಾನು ಎಸೆದ ಚೆಂಡು ಬರೋದು ಕಾಣಲೇ ಇಲ್ಲ ಅವನಿಗೆ, ತಲೆಗೇ ಬಿತ್ತು. ಬಿದ್ದವನು ಎದ್ದ, ನಕ್ಕ. ತಿಂಗಳಲ್ಲಿ ಒಂದು ಕಣ್ಣು ಹೋಯ್ತು, ವರ್ಷದಲ್ಲಿ ಇನ್ನೊಂದು." ಎದುರು ಮನೆಯ ನಂಬರಿನ ಕಡೆ ನೋಡಿದರು. "ನಂಗೂ ಆ ಕುರುಡು ಬರುತ್ತೆ. ದಾರಿ ಕಾಯ್ತಾ ಇದೀನಿ."

ಅದು ಬಂದೇಬಿಟ್ಟಿತು. ಎರಡು ವರ್ಷದಲ್ಲಿ ನಂಬರು ಮಸುಕಾಯಿತು, ಆಮೇಲೆ ಮನೆಯೇ ಕಾಣದಾಯಿತು. ಡಾಕ್ಟರು ವಯಸ್ಸಿನ ಕಾಯಿಲೆ ಎಂದರು, ವರ್ನನ್ ಒಪ್ಪಲಿಲ್ಲ. ಅವರ ಮಗಳು ಬಂದು ಸ್ಯಾನ್ ಡಿಯಾಗೋಗೆ, ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ತನ್ನ ಮನೆಗೆ ಕರೆದೊಯ್ದಳು.

ಕೊನೆಯ ಸಲ ಅಲ್ಲಿಗೆ ಹೋದಾಗ ವಿದ್ಯಾ ತನ್ನ ಆಟದ ಚೆಂಡನ್ನು ಅವರ ಕೈಗಿಟ್ಟಳು. ಹೆಬ್ಬೆರಳಿನಿಂದ ಹೊಲಿಗೆ ಸವರುತ್ತಾ ಕೇಳಿದರು.

"ಬೆಳ್ಳಗಿದೆಯಾ?"

"ಬೆಳ್ಳಗಿದೆ" ಎಂದೆ.

ಮೂಸಿ ನೋಡಿ ನನ್ನತ್ತ ಚಾಚಿದರು. "ಸುಳ್ಳು ಹೇಳ್ಬೇಡಿ. ಮಣ್ಣಾಗಿದೆ. ಬೇಗ ತೊಳ್ಕೊಂಡು ಬನ್ನಿ, ಹೊತ್ತು ಮುಳುಗ್ತಿದೆ."

ಬೆಳಿಗ್ಗೆ ಹನ್ನೊಂದು ಗಂಟೆ. ಬಿಸಿಲು ನೇರ ಅವರ ಮುಖದ ಮೇಲೆಯೇ ಇತ್ತು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಚೆಂಡಿಗೆ ಸೋಪು ಹಚ್ಚಿದೆ.