ಜೀಪಿನಲ್ಲಿ ಐದನೇ ಸೀನು

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ನಿಮ್ಮ ಮನೆಯಲ್ಲೂ ಹೀಗಾಗಿದೆಯೇ? ಹೊಸದು ಬರಬೇಕಾದರೆ ಹಳೆಯದು ಹೋಗಲೇಬೇಕು ಎಂದು ಮನೆಯವರು ತೀರ್ಮಾನಿಸಿ, ಆ ಹಳೆಯದರ ಮೇಲೆ ಜೀವವಿಟ್ಟ ನೀವು ಮಾತ್ರ ಬಾಯಿ ಮುಚ್ಚಿಕೊಂಡು ಕುಳಿತದ್ದು?

ಇವತ್ತು ಬೆಳಿಗ್ಗೆ ಕುಪ್ಪೇಲೂರಿನ ಹೊಲಕ್ಕೆ ಹೊರಟು ಜೀಪು ಹತ್ತಿದೆ. ಕುಳಿತ ಕೂಡಲೇ ಘಾಟು ಮೂಗಿಗೆ ಏರಿ ಸೀನಿದೆ. ಒಂದೇ ಒಂದು ಸೀನು. ಒಂಟಿ ಸೀನಾದರೆ ಹೊರಟ ಕೆಲಸ ನಿಲ್ಲಿಸಬೇಕು, ಜೋಡಿ ಸೀನಾದರೆ ಧಾರಾಳವಾಗಿ ಹೋಗಬಹುದು. ನಮ್ಮ ಕಡೆ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಹಾಗಾಗಿ ಇಂಜಿನ್ ಚಾಲು ಮಾಡದೆ ಕುಳಿತೆ. ಕುಳಿತಾಗ ಹಳೆಯದೆಲ್ಲ ನೆನಪಾಯಿತು.

ಘಾಟು ಮೆಣಸಿನಕಾಯಿಯದು. ನಮ್ಮಪ್ಪ ಈ ಜೀಪಿನಲ್ಲಿ ವರ್ಷಗಟ್ಟಲೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿದವನು. ಅಪ್ಪ ಹೋದ, ಘಾಟು ಹೋಗಲಿಲ್ಲ. ತೊಳೆಸಿದೆ, ಬಿಸಿಲಿಗೆ ಒಣಗಿಸಿದೆ, ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದೆ. ಸ್ಪಂಜಿನ ಹೊಟ್ಟೆಯೊಳಗಿನ ಕೆಂಪು ಧೂಳು ಮಾತ್ರ ಜಾಗ ಬಿಡಲಿಲ್ಲ. ಸುಮ್ಮನೆ ಕುಳಿತರೆ ಒಂದು ಸೀನು. ಸೀಟನ್ನು ಬಡಿದರಂತೂ ಶಿವನೇ ಗತಿ.

ಜೀಪಿನ ಗುಣಗಾನ ಶುರು ಮಾಡಿದರೆ ನೀವು ಓದುವುದನ್ನು ಬಿಟ್ಟು ಎದ್ದು ಹೋಗುತ್ತೀರಿ. ಒಂದೇ ಹೇಳುತ್ತೇನೆ: ಮಳೆ ಬಿದ್ದ ಮರುದಿನ ನಮ್ಮ ಎರೆಹೊಲದ ದಾರಿಯಲ್ಲಿ ಟ್ರ್ಯಾಕ್ಟರೇ ಹೂತು ಕುಳಿತಾಗ ಇದು ಕೆಸರು ಉಗುಳುತ್ತ ದಾಟಿಹೋಗುತ್ತದೆ. ಅವಗುಣವೂ ಉಂಟು. ಬಾಗಿಲಿಗೆ ಹಗ್ಗ ಕಟ್ಟಬೇಕು. ಎಡಕ್ಕೆ ತಿರುಗಿಸಿದಾಗ ಹಾರ್ನು ತಾನೇ ಕೂಗುತ್ತದೆ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ನಾನು ಎಡಕ್ಕೆ ಹೊರಳಿದೆನೋ ಬಲಕ್ಕೋ ಎಂದು ಮಂದಿ ಮನೆಯೊಳಗೆ ಕುಳಿತೇ ಹೇಳುತ್ತಾರೆ.

ಆದರೆ ಅವ್ವನ ಮೊಣಕಾಲು ಸೋತಿದ್ದವು. ಜೀಪಿನ ಮೆಟ್ಟಿಲು ಎತ್ತರ. ಒಮ್ಮೆ ಹಾವೇರಿಗೆ ಡಾಕ್ಟರ ಹತ್ತಿರ ಕರೆದೊಯ್ಯುವಾಗ ನಾನೂ ಪಕ್ಕದ ಮನೆಯವನೂ ಸೇರಿ ಅವ್ವನನ್ನು ಎತ್ತಿ ಕೂಡಿಸಿದೆವು. ನನ್ನ ಹೆಂಡತಿ ನೋಡಿ ಕೆಂಡವಾದಳು.

"ರೀ, ಅತ್ತಿನ್ನ ಮೆಣಸಿನಕಾಯಿ ಚೀಲ ಎತ್ತಿದಂಗ ಎತ್ತಾಕತ್ತೀರಲ್ಲ, ನಾಚಿಕಿ ಬರಂಗಿಲ್ಲೇನು?"

ಬಂತು. ಏಳು ಸೀಟಿನ ಹೊಸ ಕಾರು ತರುವುದು ಅಂದೇ ನಿಶ್ಚಯವಾಯಿತು. ಜೊತೆಗೆ ಇನ್ನೊಂದು ಆಜ್ಞೆಯೂ ಹೊರಟಿತು: "ಅಂಗಳದಾಗ ಒಂದ ಗಾಡಿಗೆ ಜಾಗ ಐತಿ. ಹೊಸಾದು ಬರೂದರೊಳಗ ಇದು ಹೋಗಬೇಕು ನೋಡ್ರಿ."

"ಆತು ಬಿಡು" ಎಂದೆ. ಇಲ್ಲಿ ಮೊಬೈಲಿನಲ್ಲಿ ಬರೆಯುವಾಗ ನಾನು ಹುಲಿ, ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಎಂಥ ಪ್ರಾಣಿ ಎಂಬುದನ್ನು ಊಹಿಸಿಕೊಳ್ಳಿ.

ಮೊದಲು ಬಂದ ಗಿರಾಕಿ ಅಗಡಿಯ ರೈತ. ಸುತ್ತ ನೋಡಿದ, ಗಾಲಿ ಒದ್ದ, ಮೆಚ್ಚಿದ. ಹತ್ತಿ ಕೂರಬೇಕು ಎನ್ನುವಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಬಂದಳು.

"ತಡಿಯಪಾ ತಮ್ಮಾ, ಧೂಳ ಐತಿ" ಎಂದು ಸೀಟನ್ನು ಅಂಗೈಯಿಂದ ಪಟಪಟ ಬಡಿದಳು. ಪಾಪ, ಉಪಚಾರ ಎಂದುಕೊಂಡೆ. ಆತ ಕುಳಿತ, ಸೀನಿದ.

"ಅಯ್ಯ ಶಿವನ! ಒಂಟಿ ಸೀನ ಆತಲ್ಲೋ ಯಪ್ಪಾ!" ಎಂದಳು ಅವ್ವ, ಅವನ ಹೆತ್ತ ತಾಯಿಗಿಂತ ಹೆಚ್ಚು ಗಾಬರಿಯಿಂದ. ಆತ ಮೆಲ್ಲಗೆ ಇಳಿದ. "ಸೋಮಾರ ಬರತೇನ್ರಿ" ಎಂದು ಹೋದ. ಆ ಸೋಮವಾರ ಇನ್ನೂ ಬಂದಿಲ್ಲ.

ಎರಡನೆಯವನು ಹಾವೇರಿಯ ತರುಣ, ಸೋದರಮಾವನನ್ನು ಕರೆತಂದಿದ್ದ. ಜೀಪಿಗೆ ಹಳದಿ ಬಣ್ಣ ಬಳಿಸುತ್ತೇನೆ, ದಪ್ಪ ಗಾಲಿ ಹಾಕಿಸುತ್ತೇನೆ ಎಂದು ಅವನು ಹೇಳುತ್ತಿದ್ದರೆ ನಾನು ಬಾಗಿಲಿನ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಹಿಂದಿನ ಗಿರಾಕಿಯ ಒಂಟಿ ಸೀನಿನ ಕಥೆಯನ್ನು ಅವ್ವ ಹೇಳಿದಾಗ, "ಅಜ್ಜೀ, ನಾ ಈ ಶಕುನಾ ಪಕುನಾ ನಂಬಾಂವ ಅಲ್ಲ" ಎಂದ.

"ನಂಬಬ್ಯಾಡಪಾ, ನಿನ್ನ ಖುಷಿ. ಧೂಳಷ್ಟ ಝಾಡಸ್ತೇನಿ" ಎಂದು ಅವ್ವ ಈ ಸಲ ರೊಟ್ಟಿ ಬಡಿಯುವ ವೇಗದಲ್ಲಿ ಸೀಟು ಬಡಿದಳು. ಆಗ ನನ್ನ ತಲೆಯೊಳಗೆ ದೀಪ ಹತ್ತಿತು: ಇದು ಉಪಚಾರವಲ್ಲ. ತರುಣ ಸೀನಿದ. ಮತ್ತೆ ಸೀನಿದ. ಕಣ್ಣು ಮೂಗು ಒಂದಾಗಿ ನಾಲ್ಕು ಸೀನಿ ನಿಂತ.

"ನಾಕು ಆದುವು ಅಜ್ಜೀ! ಜೋಡಿ ಮ್ಯಾಲ ಜೋಡಿ! ಅಣ್ಣಾರ, ಕೀಲಿ ಕೊಡ್ರಿ."

ಕಿಸೆಗೆ ಹೋದ ನನ್ನ ಕೈ ಹೊರಗೆ ಬರಲೊಲ್ಲದು. ಅವ್ವ ನನ್ನ ಮುಖ ನೋಡಿದಳು. ತಲೆಯನ್ನು ಜೀಪಿನೊಳಗೆ ತೂರಿಸಿ ಸೀಟಿಗೆ ಇನ್ನೊಂದು ಏಟು ಹಾಕಿ, ಮಲ್ಲಿಗೆ ಮೂಸಿದಂತೆ ಉಸಿರೆಳೆದಳು. "ಆಕ್ಷೀ!" ಓಣಿಯ ನಾಯಿ ಬೊಗಳಿತು.

"ಐದು" ಎಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

"ನಡಿಯೋ" ಎಂದ ಸೋದರಮಾವ.

"ಮಾವಾ, ಆಕಿ ಬೇಕಂತನ ಸೀನಿದ್ಲು!"

"ಬೇಕಂತ ಸೀನ್ಯಾಳ ಅಂತನ ಹೇಳಾಕತ್ತೇನಿ, ನಡಿ."

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಎಲ್ಲ ನೋಡಿದ್ದಳು. "ಅತ್ತೀ, ಕಾರು ತರಾಕತ್ತಿದ್ದು ನಿಮ್ಮ ಮಣಕಾಲಿನ ಸಲುವಾಗಿ. ಹತ್ತಾಕ ಬಾರದ ಜೀಪು ನಿಮಗ್ಯಾಕ್ರಿ?"

"ಹತ್ತಾಕ ಬರವಲ್ದು, ಖರೇ. ನೋಡಾಕ ಬರತೈತಲ್ಲ?" ಎಂದ ಅವ್ವ ಕಟ್ಟೆಯ ಮೇಲೆ ಕುಳಿತಳು. "ಮದಿವ್ಯಾಗಿ ಬಂದು ಎಷ್ಟ ವರ್ಸ ನಾ ಹೊಲಾ ಒಲಿ ಬಿಟ್ಟು ಏನೂ ಕಂಡಿದ್ದಿಲ್ಲ. ನಾ ಆರಿಸಿದ ಕಾಯಿ ಬ್ಯಾಡಗಿ ಪ್ಯಾಟಿ ನೋಡ್ತಿದ್ವು, ನಾ ನೋಡಿದ್ದಿಲ್ಲ. ಒಂದಿನಾ ಇವರಪ್ಪ ಈ ಜೀಪ್ ತಂದು, ಹತ್ತು ಅಂದ್ರು. ಹೋಗೂವಾಗ ಚೀಲದ ಮ್ಯಾಲ ಕುಂತ್ನಿ. ಬರೂವಾಗ ಮುಂದಿನ ಸೀಟು ನಂದು."

ಮುಂದಿನ ಸೀಟು ನಂದು ಎನ್ನುವಾಗ ಚುನಾವಣೆ ಗೆದ್ದವಳಂತೆ ಕುತ್ತಿಗೆ ಎತ್ತಿದಳು. ಇಷ್ಟು ವರ್ಷ ಆ ಜೀಪಿನ ಮೇಲೆ ಪ್ರೀತಿ ನನ್ನೊಬ್ಬನದೇ ಎಂದು ತಿಳಿದುಕೊಂಡಿದ್ದೆ, ನೋಡಿ.

ಹೆಂಡತಿಯ ದನಿ ಮೆತ್ತಗಾಯಿತು. "ಹಂಗಾರ ಜಾಗಾ ಎಲ್ಲಿ ಐತ್ರಿ ಅತ್ತಿ?"

ಅಂಗಳದ ಅರ್ಧ ಆಕ್ರಮಿಸಿದ್ದು ಅವ್ವನ ಕುಳ್ಳಿನ ಒಟ್ಟಲು, ಅಂದರೆ ಬೆರಣಿಯ ರಾಶಿ. ಮನೆಯ ಮೇಲೆ ಸೋಲಾರ್ ಬಂದರೂ ಅವ್ವನ ಸ್ನಾನದ ನೀರು ಕುಳ್ಳಿನ ಉರಿಯಲ್ಲೇ ಕಾಯಬೇಕು. ಆ ಒಟ್ಟಲಿನ ಒಂದು ಕುಳ್ಳು ಮುಟ್ಟಿದರೂ ಮನೆಯಲ್ಲಿ ಮಹಾಯುದ್ಧ. ಅವ್ವ ಅದರತ್ತಲೇ ಕೈ ತೋರಿಸಿದಳು.

"ತಗಸು" ಎಂದಳು. "ಸೋಲಾರ್ ನೀರು ಸಪ್ಪಗ ಇರತಾವು. ನಡೀತೈತಿ."

"ಮದ್ಲ ಹೇಳಿದ್ರ ಆ ಹುಡುಗನ ಮೂಗರ ಉಳೀತಿತ್ತಲ್ರಿ!" ಎಂದು ಹೆಂಡತಿ ನಕ್ಕಳು. ನಾನು ಕೀಲಿಯನ್ನು ಕಿಸೆಯಿಂದ ತೆಗೆದು, ಗೆದ್ದ ಪೈಲ್ವಾನನಂತೆ ಅದರ ಗೂಟಕ್ಕೇ ತೂಗುಹಾಕಿದೆ. ಕುಸ್ತಿ ಹಿಡಿದದ್ದು ಅವ್ವ, ಮೀಸೆ ತಿರುವಿದ್ದು ನಾನು.

ಕಾರು ಬಂತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಅವ್ವ ಯಾರ ಕೈಯನ್ನೂ ಹಿಡಿಯದೆ ತಾನೇ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ಅದನ್ನು ನೋಡಿ ನನ್ನ ಹೆಂಡತಿ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ಅವ್ವ ಮಾತ್ರ ಸೀಟನ್ನೊಮ್ಮೆ ಬಡಿದು ನೋಡಿದಳು. ಏನೂ ಏಳಲಿಲ್ಲ.

"ಘಾಟ ಇಲ್ಲ" ಎಂದಳು. "ಆಗತೈತಿ, ತಡೀರಿ."

ಇವತ್ತು ಬೆಳಿಗ್ಗೆ ಒಂಟಿ ಸೀನು ಸೀನಿ ನಾನು ಜೀಪಿನಲ್ಲಿ ಕುಳಿತಿದ್ದೆನಲ್ಲ, ಪಕ್ಕದಲ್ಲೇ ಕಾರೂ ಹೊರಟು ನಿಂತಿತ್ತು. ಸ್ಟೇರಿಂಗ್ ಮುಂದೆ ನನ್ನ ಹೆಂಡತಿ, ಪಕ್ಕದಲ್ಲಿ ಅವ್ವ, ಹಿಂದಿನ ಸೀಟಿನ ಮೇಲೆ ಒಂದು ಚೀಲ ಮೆಣಸಿನಕಾಯಿ. ಅತ್ತೆ ಸೊಸೆ ಬ್ಯಾಡಗಿಗೆ ಹೊರಟಿದ್ದರು. ಅವ್ವ ನನ್ನತ್ತ ನೋಡಿ ಗಾಜು ಇಳಿಸಿ, "ಆಕ್ಷೀ!" ಎಂದಳು.

"ಜೋಡಿ ಆತು. ನಡಿ ತಮ್ಮಾ, ಹೊತ್ತಾತು."

ಹೊಸ ಕಾರಿಗೂ ಘಾಟು ಹಿಡಿಯಿತೋ, ಅವ್ವ ಮತ್ತೆ ಬೇಕೆಂದೇ ಸೀನಿದಳೋ, ನಾನು ಕೇಳಲಿಲ್ಲ. ಜೀಪು ಚಾಲು ಮಾಡಿ ಎಡಕ್ಕೆ ತಿರುಗಿಸಿದೆ. ಓಣಿಗೆಲ್ಲ ಕೇಳುವಂತೆ ಹಾರ್ನು ಕೂಗಿತು.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಯಾವ ಹಳೆಯ ಗಾಡಿ ಉಳಿಯಿತು, ಅದನ್ನು ಉಳಿಸಿದವರು ಯಾರು? ಕೆಳಗೆ ಬರೆಯಿರಿ. ಮಾರಿಬಿಟ್ಟಿದ್ದರೆ ಅದನ್ನೂ ಬರೆಯಿರಿ. ನಾನೇನು ನಗುವುದಿಲ್ಲ, ಅವ್ವನಿಗೆ ಓದಿ ಹೇಳುತ್ತೇನೆ ಅಷ್ಟೇ.